ಸಮಾಜಶಾಸ್ತ್ರದ ಉತ್ತರಪತ್ರಿಕೆಗೆ ಎಐ: ಷರಾ ಅದರದ್ದು, ಅಂಕ ನನ್ನದು

ದ್ವಿತೀಯ ಪಿಯು ಸಮಾಜಶಾಸ್ತ್ರದಲ್ಲಿ ಲಿಖಿತ ಪರೀಕ್ಷೆಗೆ 80 ಅಂಕ, ಆಂತರಿಕ ಮೌಲ್ಯಮಾಪನಕ್ಕೆ 20. ಒಂದಂಕದ ಪ್ರಶ್ನೆ ತಿದ್ದೋದು ದೊಡ್ಡ ಮಾತಲ್ಲ. ಜೀವ ಹಿಂಡೋದು ಐದು, ಹತ್ತು ಅಂಕದ ಉತ್ತರಗಳು. ಕಿರುಪರೀಕ್ಷೆಯ ಕಟ್ಟು ತಿದ್ದಿ ವಾಪಸ್ ಕೊಡುವಷ್ಟರಲ್ಲಿ ಮಕ್ಕಳಿಗೆ ತಾವು ಬರೆದದ್ದೇ ಮರೆತುಹೋಗಿರುತ್ತಿತ್ತು; ಅಂಕ ನೋಡಿ, ಪಕ್ಕದವನದ್ದೂ ನೋಡಿ, ಬ್ಯಾಗಿಗೆ ತುರುಕಿಬಿಡುತ್ತಿದ್ದರು. ಮರುದಿನವೇ ಷರಾ ಕೈಗೆ ಸಿಗಲಿ ಎಂದು ಎಐ ಬಳಸಲು ಶುರುಮಾಡಿದೆ.

ರಾಜಾಜಿನಗರದ ನಮ್ಮ ಕಾಲೇಜಿಗೆ ಬರುವ ಹೆಚ್ಚಿನವರು ಲಗ್ಗೆರೆ, ಸುಂಕದಕಟ್ಟೆ, ಕಾಮಾಕ್ಷಿಪಾಳ್ಯದ ಕಡೆಯ ಕನ್ನಡ ಮಾಧ್ಯಮದವರು. ಕೈಬರಹದ ಫೋಟೊ ಹಾಕಿದರೆ ಒತ್ತಕ್ಷರಗಳೆಲ್ಲ ಚೆಲ್ಲಾಪಿಲ್ಲಿ. ಹಾಗಾಗಿ ಮಕ್ಕಳೇ ತಮ್ಮ ಉತ್ತರವನ್ನು ಫೋನಿನ ವಾಯ್ಸ್ ಟೈಪಿಂಗ್‌ಗೆ ಓದಿ ಹೇಳುತ್ತಾರೆ. ಗಟ್ಟಿಯಾಗಿ ಓದುವಾಗಲೇ ಎಷ್ಟೋ ತಪ್ಪು ಅವರಿಗೇ ಕಿವಿಗೆ ಬೀಳುತ್ತದೆ, ಅದು ಕೊಸರು ಲಾಭ. ಹೆಸರು, ರಿಜಿಸ್ಟರ್ ನಂಬರ್ ಮಾತ್ರ ಹಾಕುವಂತಿಲ್ಲ.

ಬರೀ ‘ಐದಕ್ಕೆ ಎಷ್ಟು ಕೊಡಬಹುದು’ ಎಂದು ಕೇಳಿದರೆ ಎಲ್ಲರಿಗೂ ಮೂರೂವರೆ, ನಾಲ್ಕು. ಉದ್ದ ಬರೆದವರಿಗೆ ಇನ್ನರ್ಧ. ಕೆಲಸ ಮಾಡಿದ್ದು ಬೋರ್ಡಿನ ಮಾದರಿಯಲ್ಲಿ ನಾನೇ ಬರೆದ ಸ್ಕೀಮ್, ಅಂದರೆ ಉತ್ತರದ ಯಾವ ಅಂಶಕ್ಕೆ ಎಷ್ಟು ಅಂಕ ಎಂಬ ಪಟ್ಟಿ. ಜಾತಿಯ ಬಗ್ಗೆ ಸಮಾಜಶಾಸ್ತ್ರಜ್ಞ ಘುರ್ಯೆ ಹೇಳಿದ ಆರು ಲಕ್ಷಣಗಳ ಪ್ರಶ್ನೆಯನ್ನೇ ತೆಗೆದುಕೊಳ್ಳಿ. ಖಂಡಾತ್ಮಕ ವಿಭಜನೆ (ಸಮಾಜ ಬೇರೆಬೇರೆ ಜಾತಿಗಳಾಗಿ ಒಡೆದಿರುವುದು), ಶ್ರೇಣಿ, ಊಟ–ಒಡನಾಟದ ನಿರ್ಬಂಧ, ನಾಗರಿಕ ಹಾಗೂ ಧಾರ್ಮಿಕ ಅಶಕ್ತತೆ (ಕೆಲವು ಜಾತಿಗಳಿಗೆ ಹಕ್ಕುಗಳಿಲ್ಲದಿರುವುದು), ವೃತ್ತಿಯ ಕಟ್ಟು, ಜಾತಿಯೊಳಗೇ ಮದುವೆ: ಇಷ್ಟನ್ನೂ ಬಿಡಿಬಿಡಿಯಾಗಿ ಕೊಟ್ಟು, ‘ಪ್ರತಿ ಲಕ್ಷಣಕ್ಕೂ ವಿದ್ಯಾರ್ಥಿಯದೇ ವಾಕ್ಯ ಎತ್ತಿ ತೋರಿಸು, ವಾಕ್ಯ ಸಿಗದಿದ್ದರೆ ಅಂಕವಿಲ್ಲ’ ಎಂದೆ. ಸಿಲಬಸ್ಸಿನ ಹೊರಗಿನ ಚಿಂತಕರನ್ನು ಎಳೆದು ತರಬೇಡ, ಷರಾ ಎರಡೇ ವಾಕ್ಯ, ಎರಡನೆಯದು ಪ್ರಶ್ನೆಯಾಗಿರಲಿ ಎಂದೂ ಸೇರಿಸಿದೆ. ಆಮೇಲೆ ‘ಊಟದ ನಿರ್ಬಂಧ ಬರೆದಿದ್ದೀಯ. ಯಾರ ಕೈಯಿಂದ ಯಾವ ಅಡುಗೆ ಒಪ್ಪುತ್ತಿದ್ದರು?’ ಎಂಬಂಥ ಷರಾ ಬರತೊಡಗಿತು. ಇಂಥದ್ದನ್ನು ಅಷ್ಟು ಪತ್ರಿಕೆಗಳ ಮೇಲೆ ಬರೆಯುವ ವ್ಯವಧಾನ ನನಗಂತೂ ಇಲ್ಲ.

ಅದು ಎಡವುವುದು ಉದಾಹರಣೆಗಳಲ್ಲಿ. ಸಂಸ್ಕೃತೀಕರಣದ ಪ್ರಶ್ನೆಗೆ ಒಬ್ಬ ಹುಡುಗಿ, ಅಜ್ಜಿಯ ಊರಿನ ಮಾರಮ್ಮನ ಜಾತ್ರೆಯಲ್ಲಿ ಮನೆಯವರು ಕುರಿ ಕಡಿಯುವುದನ್ನು ಬಿಟ್ಟು, ಸತ್ಯನಾರಾಯಣ ಪೂಜೆ ಮಾಡಿಸಿ, ಮಾಂಸ ತಿನ್ನುವುದನ್ನೂ ನಿಲ್ಲಿಸಿದ ಕಥೆ ಬರೆದಿದ್ದಳು. ವ್ಯಾಖ್ಯೆ ಅರ್ಧಂಬರ್ಧ ಇತ್ತು. ಎಐ ‘ವೈಯಕ್ತಿಕ ಪ್ರಸಂಗ, ವಿಷಯಕ್ಕೆ ಸಂಬಂಧವಿಲ್ಲ’ ಎಂದು ಎರಡು ಅಂಕ ಸೂಚಿಸಿತು. ‘ಮೇಡಂ, ಇದು ನಮ್ಮನೇಲೇ ನಡೆದಿದ್ದು, ತಪ್ಪಾ?’ ಎಂದು ಕೇಳಿದಳು. ತಪ್ಪೆಲ್ಲಿ ಬಂತು! ಕೆಳಗಿನ ಜಾತಿ ಮೇಲಿನವರ ಆಚರಣೆ, ಆಹಾರ ಅನುಸರಿಸಿ ಸ್ಥಾನ ಏರಿಸಿಕೊಳ್ಳಲು ನೋಡುವುದನ್ನೇ ಅಲ್ಲವೇ ಎಂ.ಎನ್. ಶ್ರೀನಿವಾಸ್ ಹೇಳಿದ್ದು? ನಾಲ್ಕು ಕೊಟ್ಟೆ. ಇನ್ನೊಬ್ಬ ನೋಟ್ಸ್ ಬಾಯಿಪಾಠ ಮಾಡಿ, ಶ್ರೀನಿವಾಸರು ಇದನ್ನು ಮಂಡಿಸಿದ್ದು ರಾಂಪುರವೆಂಬ ಹಳ್ಳಿಯ ಅಧ್ಯಯನದಲ್ಲಿ ಎಂದು ಬರೆದಿದ್ದ; ಎಐ ತಕರಾರಿಲ್ಲದೆ ನಾಲ್ಕೂವರೆ ಹಾಕಿತ್ತು. ಮಂಡಿಸಿದ್ದು 1952ರ ಕೊಡವರ ಕುರಿತ ಪುಸ್ತಕದಲ್ಲಿ. ರಾಂಪುರದ ಮೇಲೆ 1959ರಲ್ಲಿ ಬರೆದದ್ದು ಪ್ರಬಲ ಜಾತಿಯ (ಊರಲ್ಲಿ ಭೂಮಿ, ಜನಬಲ ಇರುವ ಜಾತಿ) ಲೇಖನ.

ಹಾಗಾಗಿ ಈಗ ಸ್ಕೀಮಿನಲ್ಲಿ ಇಸವಿ, ಊರುಗಳನ್ನೂ ಬರೆದೇ ಕೊಡುತ್ತೇನೆ. ಉದಾಹರಣೆಯ ಭಾಗಕ್ಕೆ ಅದು ‘ಶಿಕ್ಷಕರು ನೋಡಲಿ’ ಎಂದು ಬಿಟ್ಟು ಮುಂದೆ ಹೋಗಬೇಕು. ಒಂದೇ ಉತ್ತರವನ್ನು ಹೊಸ ಚಾಟ್‌ನಲ್ಲಿ ಮತ್ತೊಮ್ಮೆ ಹಾಕಿ, ಅಂಕ ಒಂದಕ್ಕಿಂತ ಹೆಚ್ಚು ಏರುಪೇರಾದರೆ ಆ ಪತ್ರಿಕೆಯನ್ನು ಪೂರ್ತಿ ನಾನೇ ಓದುತ್ತೇನೆ. ಆಂತರಿಕ ಅಂಕಕ್ಕೆ ಎಐ ಸೂಚಿಸಿದ ಅಂಕ ಬಳಸುವುದೇ ಇಲ್ಲ. ಪಾಲಕರು ಬಂದು ಯಾಕೆ ಕಡಿಮೆ ಎಂದು ಕೇಳಿದಾಗ ಉತ್ತರ ಹೇಳಬೇಕಾದವಳು ನಾನು.

ಮೊನ್ನೆ ಇತಿಹಾಸದ ಮೇಷ್ಟ್ರು, ‘ಎಐಗೆ ನೀವು ಕೊಡುವ ಆ ಸೂಚನೆ ನಂಗೂ ವಾಟ್ಸಾಪ್ ಮಾಡಿ’ ಎಂದರು. ಕಳಿಸಿದ್ದೇನೆ. ಸ್ಕೀಮ್ ಮಾತ್ರ ಅವರೇ ಕೂತು ಬರೆದುಕೊಳ್ಳಬೇಕು, ಅದಕ್ಕೇ ಒಂದು ಭಾನುವಾರ ಹೋಗುತ್ತದೆ.