ಕವರ್ ಲೆಟರ್‌ನ ಮಧ್ಯದ ಪ್ಯಾರಾ ಮೊದಲು ಬರೆಯಿರಿ

ಕೆಲಸಕ್ಕೆ ಅರ್ಜಿ ಹಾಕುವಾಗ ರೆಸ್ಯೂಮೆ ಜೊತೆ ಕಳಿಸುವ ಪತ್ರವೇ ಕವರ್ ಲೆಟರ್. ಅದನ್ನು ಬರೆಯಬೇಕು ಅಂದ ಕೂಡಲೇ ಹೆಚ್ಚಿನವರು ರೆಸ್ಯೂಮೆಯಲ್ಲಿ ಇರುವುದನ್ನೇ ಉದ್ದುದ್ದ ವಾಕ್ಯ ಮಾಡಿ ಬರೆದುಬಿಡುತ್ತಾರೆ. ಓದುವವರ ಹತ್ತಿರ ರೆಸ್ಯೂಮೆ ಆಗಲೇ ಇರುತ್ತದೆ ಅಲ್ವಾ? ಮತ್ತೆ ಅದನ್ನೇ ಯಾಕೆ ಓದಬೇಕು? ಇಷ್ಟೊಂದು ಜನ ಅರ್ಜಿ ಹಾಕಿರುವಾಗ ಈ ಕೆಲಸಕ್ಕೆ ನಿಮ್ಮನ್ನೇ ಯಾಕೆ ಕರೆಯಬೇಕು ಅನ್ನುವುದಕ್ಕೆ ಈ ಪತ್ರ ಉತ್ತರ ಕೊಡಬೇಕು.

ಆ ಉತ್ತರದ ಸುಳಿವು ಜಾಹೀರಾತಿನಲ್ಲೇ ಇದೆ. ನಿಧಾನವಾಗಿ ಓದಿ. ಬೇಕಾದ ಅರ್ಹತೆಗಳ ಉದ್ದ ಪಟ್ಟಿ ಕೊಟ್ಟಿರುತ್ತಾರೆ, ಆದರೆ ಎಲ್ಲವೂ ಅವರಿಗೆ ಅಷ್ಟೇ ಮುಖ್ಯ ಅಲ್ಲ. ಪಟ್ಟಿಯಲ್ಲಿ ಮೊದಲು ಬಂದಿರುವುದು, ಎರಡು ಮೂರು ಕಡೆ ಬೇರೆ ಬೇರೆ ಮಾತಿನಲ್ಲಿ ಮತ್ತೆ ಮತ್ತೆ ಬಂದಿರುವುದು, ಸಾಮಾನ್ಯವಾಗಿ ಅದೇ ಅವರ ನಿಜವಾದ ತಲೆನೋವು. ಅಂಥ ಎರಡನ್ನು ಆರಿಸಿಕೊಳ್ಳಿ. ಉಳಿದದ್ದು ರೆಸ್ಯೂಮೆಯ ಪಾಲಿಗಿರಲಿ.

ಈಗ ಮೊದಲ ಸಾಲಿನ ಬಗ್ಗೆ ತಲೆ ಕೆಡಿಸಿಕೊಳ್ಳದೆ ಮಧ್ಯದ ಪ್ಯಾರಾ ಬರೆಯಿರಿ. 'ನಾನು ಶ್ರಮಜೀವಿ, ಎಲ್ಲರ ಜೊತೆ ಹೊಂದಿಕೊಂಡು ಹೋಗುತ್ತೇನೆ' ಅಂತ ಎಲ್ಲರೂ ಬರೆಯುತ್ತಾರೆ, ಓದುವವರು ಸುಮ್ನೆ ದಾಟಿ ಹೋಗುತ್ತಾರೆ. ನಡೆದದ್ದನ್ನು ಹೇಳಿ. ಗ್ರಾಹಕರ ದೂರು ನೋಡಿಕೊಳ್ಳುವ ಕೆಲಸ ಅಂತ ಇಟ್ಟುಕೊಳ್ಳಿ. ಆಗ ಹೀಗೆ ಬರೆಯಬಹುದು: 'ದೂರುಗಳು 3 ದಿನ ಬಾಕಿ ಉಳಿಯುತ್ತಿದ್ದವು. ಒಂದೇ ಥರದವನ್ನು ಗುಂಪು ಮಾಡಿ, ಪದೇ ಪದೇ ಬರುವವಕ್ಕೆ ಮೊದಲೇ ಉತ್ತರ ಸಿದ್ಧ ಮಾಡಿಟ್ಟೆ. ಆಮೇಲೆ ಹೆಚ್ಚಿನವು ಅದೇ ದಿನ ಮುಗಿಯತೊಡಗಿದವು.' ಏನು ತೊಂದರೆ ಇತ್ತು, ನೀವು ಏನು ಮಾಡಿದಿರಿ, ಅದರಿಂದ ಏನು ಬದಲಾಯಿತು, ಇಷ್ಟು ಸಾಕು. ಅಂಕಿ ಗೊತ್ತಿದ್ದರೆ ಹಾಕಿ. ಗೊತ್ತಿಲ್ಲದಿದ್ದರೆ ಸುಳ್ಳು ಅಂಕಿ ಹಾಕಬೇಡಿ, ಇಂಟರ್‌ವ್ಯೂನಲ್ಲಿ ಅದನ್ನೇ ಹಿಡಿದುಕೊಂಡು ಕೇಳುತ್ತಾರೆ. ತಂಡದಲ್ಲಿ ಮಾಡಿದ ಕೆಲಸವಾದರೆ ಅದರಲ್ಲಿ ನಿಮ್ಮ ಪಾಲು ಯಾವುದು ಅಂತ ಬಿಡಿಸಿ ಹೇಳಿ.

ಈಗಷ್ಟೇ ಓದು ಮುಗಿಸಿದವರು ಕಾಲೇಜಿನ ಪ್ರಾಜೆಕ್ಟನ್ನೋ, ಇಂಟರ್ನ್‌ಶಿಪ್ಪನ್ನೋ, ಒಂದು ಕಾರ್ಯಕ್ರಮದ ಲೆಕ್ಕಪತ್ರ ನೋಡಿಕೊಂಡದ್ದನ್ನೋ ಇದೇ ರೀತಿ ಬರೆಯಬಹುದು. 'ನನಗೆ ಅನುಭವ ಇಲ್ಲದಿದ್ದರೂ' ಅಂತ ಮಾತ್ರ ಶುರು ಮಾಡಬೇಡಿ. ನಡುವೆ ಒಂದೆರಡು ವರ್ಷ ಕೆಲಸ ಬಿಟ್ಟಿದ್ದರೆ ಕಾರಣ ಒಂದೇ ವಾಕ್ಯದಲ್ಲಿ ಹೇಳಿ ಮುಂದೆ ಹೋಗಿ, ಕ್ಷಮೆ ಕೇಳುವ ಅಗತ್ಯ ಇಲ್ಲ.

ಇಷ್ಟಾದ ಮೇಲೆ ಮೊದಲ ಪ್ಯಾರಾ ಸುಲಭ. ಯಾವ ಹುದ್ದೆ, ಅದು ಯಾಕೆ ನಿಮಗೆ ಬೇಕು. ಅಲ್ಲಿ ಕೆಲಸ ಮಾಡುವ ಯಾರಾದರೂ ಅರ್ಜಿ ಹಾಕು ಅಂದಿದ್ದರೆ ಅವರನ್ನು ಕೇಳಿಕೊಂಡು ಅವರ ಹೆಸರನ್ನು ಇಲ್ಲೇ ಹಾಕಿ, ಕೊನೆಯವರೆಗೆ ಬಚ್ಚಿಡಬೇಡಿ. ಬರೆದ ಮೇಲೆ ಒಂದು ಪರೀಕ್ಷೆ ಮಾಡಿ: ಕಂಪನಿಯ ಹೆಸರು ತೆಗೆದು ಬೇರೆ ಹೆಸರು ಹಾಕಿದರೂ ಆ ಸಾಲುಗಳು ಹಾಗೇ ಹೊಂದುತ್ತವೆಯಾ? ಹೊಂದಿದರೆ ಮತ್ತೆ ಬರೆಯಿರಿ. 'ನಿಮ್ಮ ಹೆಸರಾಂತ ಸಂಸ್ಥೆ' ಅನ್ನುವುದು ಯಾರಿಗೆ ಬೇಕಾದರೂ ಹೊಂದುತ್ತದೆ. ಎಐ ಬರೆದುಕೊಟ್ಟ ಪತ್ರಗಳಲ್ಲೂ ಇದೇ ಕಾಟ. ಕಾಗುಣಿತ ನೋಡಿಸಲು ಬಳಸಿ, ಘಟನೆ ಮಾತ್ರ ನಿಮ್ಮದೇ ಇರಲಿ.

ಸಂಬಳದ ಮಾತು ಅವರು ಕೇಳಿದ್ದರೆ ಮಾತ್ರ. ಪತ್ರ ಒಂದು ಪುಟ ದಾಟದಿರಲಿ, 300 ಪದದ ಆಸುಪಾಸು ಸಾಕು. ಮುಗಿಸುವಾಗ ಯಾವಾಗ ಕೆಲಸಕ್ಕೆ ಸೇರಬಹುದು ಅಂತ ಹೇಳಿ, ಧನ್ಯವಾದ ಹೇಳಿ, ಅಷ್ಟೇ. ಆಮೇಲೆ ಒಂದು ಸಲ ಜೋರಾಗಿ ಓದಿ, ನಾಲಿಗೆ ತಡವರಿಸಿದ ಕಡೆ ವಾಕ್ಯ ಮುರಿಯಿರಿ.

ಜಾಹೀರಾತಿನಲ್ಲಿ ಬೇರೆ ಏನೂ ಹೇಳದಿದ್ದರೆ ಪಿಡಿಎಫ್ ಮಾಡಿ ಕಳಿಸಿ. ಫೈಲಿಗೆ ನಿಮ್ಮ ಹೆಸರು ಮತ್ತು ಹುದ್ದೆಯ ಹೆಸರು ಇಡಿ, 'ಫೈನಲ್ 2' ಅಂತ ಬೇಡ. ಹಳೇ ಪತ್ರ ತಿದ್ದಿ ಕಳಿಸುತ್ತಿದ್ದರೆ ಹಿಂದಿನ ಕಂಪನಿಯ ಹೆಸರು ಎಲ್ಲಾದರೂ ಉಳಿದಿದೆಯಾ ಅಂತ ಕಳಿಸುವ ಮುಂಚೆ ಹುಡುಕಿ ನೋಡಿ.