ಎಳೆದರೂ ಮುರಿಯದ ಕಿಟಕಿ: ರೆವಿಟ್‌ನಲ್ಲಿ ನನ್ನ ಅನುಭವ

ದಾವಣಗೆರೆಯ ವಿದ್ಯಾನಗರದಲ್ಲಿ ನನ್ನದೊಂದು ಸಣ್ಣ ಡಿಸೈನ್ ಆಫೀಸ್ ಇದೆ. ಬರುವ ಕೆಲಸದಲ್ಲಿ ಜಾಸ್ತಿ 30×40, 30×50 ಸೈಟಿನ ಮನೆಗಳು. ಒಂದು ಮನೆಗೆ ಹತ್ತು ಹನ್ನೆರಡು ಕಿಟಕಿ, ಮೂರ್ನಾಲ್ಕು ವೆಂಟಿಲೇಟರ್. ಮನೆಯವರು ಮೊದಲು ಮರದ ಕಿಟಕಿ ಅಂತಾರೆ, ಆಮೇಲೆ ಅಲ್ಯೂಮಿನಿಯಂ ಸ್ಲೈಡಿಂಗ್ ಸಾಕು ಅಂತಾರೆ. ಅಷ್ಟರಲ್ಲಿ ಹಾಲ್ ಕಿಟಕಿ 4 ಅಡಿಯಿಂದ 5 ಅಡಿಗೆ ಹೋಗಿರುತ್ತದೆ. ಪ್ರತಿ ಸಲ ಹೊಸದಾಗಿ ಬರೆದು ಸಾಕಾಗಿ, ಕಟ್ಟಡದ ಮಾದರಿ ಬರೆಯುವ ರೆವಿಟ್ ಸಾಫ್ಟ್‌ವೇರ್‌ನಲ್ಲಿ ಎಲ್ಲದಕ್ಕೂ ಹೊಂದುವ ಒಂದೇ ಕಿಟಕಿ ಫ್ಯಾಮಿಲಿ (ಅಳತೆ ಬದಲಿಸಿ ಮತ್ತೆ ಮತ್ತೆ ಬಳಸಬಹುದಾದ ಮಾದರಿ) ಮಾಡಬೇಕು ಅಂತ ಕೂತೆ.

ಮೊದಲ ಸಲ ಮಾಡಿದ್ದು ನೋಡೋಕೆ ಚೆನ್ನಾಗೇ ಇತ್ತು. ಚೌಕಟ್ಟು, ಗಾಜು, ಗ್ರಿಲ್ ಎಲ್ಲ ಬರೆದು ಕೊನೆಗೆ ಅಳತೆ ಹಾಕಿದ್ದೆ. ಅಗಲ ಬದಲಿಸಿದ ತಕ್ಷಣ ಗೋಡೆಯ ತೂತು ದೊಡ್ಡದಾಯಿತು, ಚೌಕಟ್ಟು ಇದ್ದಲ್ಲೇ ನಿಂತಿತು. ಅದನ್ನು ಪೂರ್ತಿ ಅಳಿಸಿ ಮತ್ತೆ ಶುರು ಮಾಡಿದೆ.

ಎರಡನೇ ಸಲ ರೆಫರೆನ್ಸ್ ಪ್ಲೇನ್ (ಭಾಗಗಳನ್ನು ಹಿಡಿದಿಡುವ ಆಧಾರ ಗೆರೆಗಳು) ಮೊದಲು. ರೆವಿಟ್‌ನ ಮೆಟ್ರಿಕ್ ವಿಂಡೋ ಟೆಂಪ್ಲೇಟ್‌ನಲ್ಲಿ ಎಡ, ಬಲ, ನಡು, ಮೇಲು, ಕೆಳಗು ಇವುಗಳ ಪ್ಲೇನ್‌ಗಳು ಮೊದಲೇ ಇರುತ್ತವೆ. ಚೌಕಟ್ಟಿನ ಒಳಅಂಚಿಗೆ ನಾಲ್ಕೂ ಕಡೆ ಒಂದೊಂದು ಪ್ಲೇನ್ ಸೇರಿಸಿದೆ. ಚೌಕಟ್ಟು ಗೋಡೆಯ ಹೊರಮುಖದಿಂದ ಎಷ್ಟು ಒಳಗೆ ಕೂರಬೇಕು ಅನ್ನುವುದಕ್ಕೆ ಇನ್ನೊಂದು. ಮರ, ಗಾಜು ಏನೂ ಇಲ್ಲದೆ, ಬರೀ ಗೆರೆಗಳ ಮೇಲೆ ಅಗಲ, ಎತ್ತರ ಬದಲಿಸಿ ಅಪ್ಲೈ ಒತ್ತಿ ನೋಡಿದೆ. ಗೆರೆಗಳು ಸರಿಯಾಗಿ ಸರಿದಾಡಿದ ಮೇಲೇ ಚೌಕಟ್ಟು ಬರೆದು ಅದರ ಅಂಚುಗಳನ್ನು ಪ್ಲೇನ್‌ಗೆ ಲಾಕ್ ಮಾಡಿದೆ. ಈಗಲೂ ಒಂದೊಂದು ಭಾಗ ಸೇರಿಸಿದಾಗಲೂ ಹೀಗೆ ಎಳೆದು ನೋಡುತ್ತೇನೆ. ಹತ್ತು ಭಾಗ ಸೇರಿಸಿದ ಮೇಲೆ ತಪ್ಪು ಸಂದೇಶ ಬಂದರೆ ಎಲ್ಲಿ ಕೆಟ್ಟಿದೆ ಅಂತ ಹುಡುಕೋದರಲ್ಲೇ ದಿನ ಹೋಗುತ್ತದೆ. ಗೋಡೆಯ ದಪ್ಪವನ್ನೂ ಬದಲಿಸಿ ನೋಡಬೇಕು. ನಮ್ಮಲ್ಲಿ 9 ಇಂಚಿನ ಇಟ್ಟಿಗೆ ಗೋಡೆಯೂ ಇದೆ, 6 ಇಂಚಿನ ಬ್ಲಾಕ್ ಗೋಡೆಯೂ ಇದೆ, ಎರಡರಲ್ಲೂ ಕೂರಬೇಕಲ್ವಾ.

ಆ ಫ್ಯಾಮಿಲಿಯಲ್ಲಿ ಅಗಲ, ಎತ್ತರ ಎರಡನ್ನೂ ಇನ್‌ಸ್ಟನ್ಸ್ ಪ್ಯಾರಾಮೀಟರ್ (ಒಂದೊಂದು ಕಿಟಕಿಗೂ ಬೇರೆ ಬೇರೆ ಇಡಬಹುದಾದ ಅಳತೆ) ಮಾಡಿದ್ದೆ. ಪ್ಲಾನ್‌ನಲ್ಲೇ ಹಿಡಿದು ಎಳೆಯಬಹುದು ಅನ್ನೋ ಆಸೆ. ಒಂದು ಮನೆಯ ಶೆಡ್ಯೂಲ್ (ಕಿಟಕಿಗಳ ಅಳತೆಪಟ್ಟಿ) ಹಾಗೇ ಹೋಯಿತು. ಮಾರನೇ ದಿನ ಫ್ಯಾಬ್ರಿಕೇಷನ್ ಅಂಗಡಿಯ ಅಣ್ಣ ಫೋನ್ ಮಾಡಿದರು. "ಏನ್ರಿ ಸರ, ಒಂದ ಮನಿಗೆ ಇಷ್ಟು ಸೈಜ್ ಹಾಕೀರಿ? ಹೆಂಗ ಕಟ್ ಮಾಡ್ಬೇಕು ನಾವು?" ತೆಗೆದು ನೋಡಿದರೆ 1218, 1220, 1223 ಎಂಎಂ ಹೀಗೆ ಸಾಲು. ಎಳೆದಾಗ ಕೈ ಎಲ್ಲಿ ನಿಂತಿತೋ ಅದೇ ಅಳತೆ. ಎಲ್ಲವೂ 4 ಅಡಿ ಕಿಟಕಿಗಳೇ. ಅವತ್ತೇ ಅಗಲ, ಎತ್ತರವನ್ನು ಟೈಪ್ ಪ್ಯಾರಾಮೀಟರ್‌ಗೆ ಬದಲಿಸಿದೆ. ಈಗ 4×4ಕ್ಕೆ ಒಂದು ಟೈಪ್, 5×4ಕ್ಕೆ ಒಂದು, ವೆಂಟಿಲೇಟರ್‌ಗೆ ಒಂದು. ಟೈಪ್‌ನಲ್ಲಿ ಒಮ್ಮೆ ತಿದ್ದಿದರೆ ಆ ಸೈಜಿನ ಎಲ್ಲ ಕಿಟಕಿಯೂ ಒಟ್ಟಿಗೆ ಬದಲಾಗುತ್ತವೆ. ನೆಲದಿಂದ ಕಿಟಕಿ ಎಷ್ಟು ಎತ್ತರದಲ್ಲಿ ಅನ್ನುವುದನ್ನು ಮಾತ್ರ ಇನ್‌ಸ್ಟನ್ಸ್ ಆಗಿ ಬಿಟ್ಟಿದ್ದೇನೆ, ಅಡುಗೆಮನೆಯದೇ ಬೇರೆ, ರೂಮಿನದೇ ಬೇರೆ.

ನನಗೆ ಜಾಸ್ತಿ ಸಮಯ ಹಿಡಿದದ್ದು ಗ್ರಿಲ್‌ನ ಕಂಬಿಗಳು. ಅದೇ ಅಣ್ಣನನ್ನು ಕೇಳಿದೆ, ಕಂಬಿ ಎಷ್ಟು ಅಂತ ಹೆಂಗೆ ಲೆಕ್ಕ ಹಾಕ್ತೀರಿ ಅಂತ. ಸಂದು ನಾಲ್ಕು ಇಂಚು ದಾಟಬಾರದು, ದಾಟಿದರೆ ಮಕ್ಕಳು ತಲೆ ತೂರಿಸುತ್ತವೆ, ಅಷ್ಟೇ ಅಂದರು. ಆ ಒಂದು ಮಾತನ್ನೇ ಸೂತ್ರ ಮಾಡಿದೆ. ಒಳಅಗಲವನ್ನು 100 ಎಂಎಂನಿಂದ ಭಾಗಿಸು, ಮೇಲಿನ ಪೂರ್ಣ ಸಂಖ್ಯೆಗೆ ಏರಿಸು, ಒಂದು ಕಳೆ. ರೆವಿಟ್‌ನಲ್ಲಿ ಇದಕ್ಕೆ ರೌಂಡ್‌ಅಪ್ ಅನ್ನುವ ಫಂಕ್ಷನ್ ಇದೆ. ಸುಮ್ನೆ 100 ಅಂತ ಬರೆದರೆ ಯೂನಿಟ್ ಹೊಂದುತ್ತಿಲ್ಲ ಅಂತ ತಿರಸ್ಕರಿಸುತ್ತದೆ, ಎಂಎಂ ಸೇರಿಸಲೇಬೇಕು. 4 ಅಡಿ ಕಿಟಕಿ ಅಂದರೆ 1220. ಎರಡೂ ಕಡೆ ಚೌಕಟ್ಟಿನ 75 ಹೋದರೆ ಉಳಿಯುವುದು 1070. ಭಾಗಿಸಿ ಏರಿಸಿದರೆ 11, ಒಂದು ಕಳೆದರೆ 10 ಕಂಬಿ. ಕಂಬಿಯ ನಡುವಿನಿಂದ ನಡುವಿಗೆ ಸುಮಾರು 97 ಎಂಎಂ. ಮೊದಲ ಕಂಬಿಗೂ ಕೊನೆಯ ಕಂಬಿಗೂ ಒಂದೊಂದು ಪ್ಲೇನ್ ಕೊಟ್ಟು, ನಡುವಿನವನ್ನು ಅರೇಗೆ (ಒಂದೇ ಭಾಗವನ್ನು ಸಮ ಅಂತರದಲ್ಲಿ ಸಾಲಾಗಿ ಇಡುವ ಸೌಲಭ್ಯ) ಬಿಟ್ಟೆ.

4 ಅಡಿ, 5 ಅಡಿ, 2 ಅಡಿ ಎಲ್ಲಕ್ಕೂ ಸರಿ ಬಂತು. ಬಚ್ಚಲುಮನೆಯ 1 ಅಡಿ ವೆಂಟಿಲೇಟರ್‌ಗೆ ಬಂದಾಗ ಇಡೀ ಗ್ರಿಲ್ ಮುರಿದುಬಿತ್ತು. ಲೆಕ್ಕ ಮಾಡಿ ನೋಡಿದೆ: 305ರಲ್ಲಿ 150 ಹೋದರೆ 155. ಭಾಗಿಸಿ ಏರಿಸಿದರೆ 2, ಒಂದು ಕಳೆದರೆ 1. ಆಗ ನಾನು ಬಳಸುತ್ತಿದ್ದ ರೆವಿಟ್ ಆವೃತ್ತಿಯಲ್ಲಿ ಅರೇಗೆ ಕನಿಷ್ಠ ಎರಡು ಬೇಕಿತ್ತು! ಅದಕ್ಕೆ ಎರಡು ಪ್ಯಾರಾಮೀಟರ್ ಇಟ್ಟೆ. ಒಂದು ನಿಜವಾದ ಸಂಖ್ಯೆ, ಶೆಡ್ಯೂಲ್‌ಗೆ ಹೋಗುವುದು ಅದೇ. ಇನ್ನೊಂದು ಅರೇಗೆ ಮಾತ್ರ: ನಿಜವಾದದ್ದು 2ಕ್ಕಿಂತ ಕಡಿಮೆ ಬಂದರೆ 2 ಅಂತಲೇ ಇಟ್ಟುಕೊಳ್ಳುತ್ತದೆ. ಜೊತೆಗೆ ನಟ್ಟನಡುವೆ ಒಂಟಿ ಕಂಬಿ ಬರೆದು ಅದಕ್ಕೊಂದು ವಿಸಿಬಿಲಿಟಿ ಪ್ಯಾರಾಮೀಟರ್ ಕೊಟ್ಟೆ. ಸಂಖ್ಯೆ 1 ಆದಾಗ ಒಂಟಿ ಕಂಬಿ ಕಾಣುತ್ತದೆ, ಅರೇ ಮರೆಯಾಗುತ್ತದೆ. ಇಲ್ಲೊಂದು ಸೂಕ್ಷ್ಮ ಇದೆ. ಸಂದಿನ ಲೆಕ್ಕಕ್ಕೆ ಅರೇ ಸಂಖ್ಯೆಯನ್ನೇ ಬಳಸಬೇಕು. ನಾನು ಮೊದಲು ನಿಜವಾದ ಸಂಖ್ಯೆ ಹಾಕಿದ್ದೆ. ಆಗ ಮೊದಲ ಕಂಬಿ, ಕೊನೆಯ ಕಂಬಿ ಒಂದೇ ಜಾಗಕ್ಕೆ ಬಂದು, ಮರೆಯಲ್ಲಿದ್ದರೂ ಅರೇ ಮತ್ತೆ ಕೆಟ್ಟಿತು.

ಶಟರ್‌ಗಳನ್ನು (ಕಿಟಕಿಯ ಬಾಗಿಲುಗಳನ್ನು) ಬೇರೆ ಫ್ಯಾಮಿಲಿಯಾಗಿ ಮಾಡಿ ಒಳಗೆ ಸೇರಿಸಿದ್ದೇನೆ. ತೆರೆಯುವ ಶಟರ್ ಒಂದು, ಸ್ಲೈಡಿಂಗ್ ಇನ್ನೊಂದು, ಫ್ಯಾಮಿಲಿ ಟೈಪ್ ಪ್ಯಾರಾಮೀಟರ್‌ನಿಂದ ಬದಲಿಸಬಹುದು. ಎರಡರಲ್ಲೂ ಅಗಲ, ಎತ್ತರದ ಪ್ಯಾರಾಮೀಟರ್ ಹೆಸರು ಒಂದೇ ಇರಬೇಕು, ಮೂಲಬಿಂದುವೂ ಒಂದೇ ಜಾಗದಲ್ಲಿರಬೇಕು. ಇಲ್ಲದಿದ್ದರೆ ಬದಲಿಸಿದಾಗ ಶಟರ್ ಪಕ್ಕಕ್ಕೆ ಹಾರುತ್ತದೆ. ಸ್ಲೈಡಿಂಗ್ ಕಿಟಕಿಗೆ ಮೂರು ಟ್ರ್ಯಾಕ್ (ಶಟರ್ ಜಾರುವ ಹಳಿ) ಅಂದರೆ ಶಟರ್ ಅಗಲ ಮೂರನೇ ಒಂದು ಭಾಗ ಅಂತ ಹೊಸಬರು ಲೆಕ್ಕ ಹಾಕುತ್ತಾರೆ. ನಮ್ಮಲ್ಲಿ ಸಾಮಾನ್ಯವಾಗಿ ಎರಡು ಗಾಜು, ಒಂದು ಸೊಳ್ಳೆ ಜಾಲರಿ. ಮೂರೂ ಅರ್ಧರ್ಧ ಅಗಲದವೇ, ದಪ್ಪವಾಗುವುದು ಚೌಕಟ್ಟು.

ಹೋದ ತಿಂಗಳು ಅದೇ ಅಣ್ಣ ಆಫೀಸಿಗೆ ಬಂದಿದ್ದರು. ಅವರೆದುರೇ 4 ಅಡಿ ಕಿಟಕಿಯನ್ನು 5 ಅಡಿ ಮಾಡಿದೆ. ಅವರು ಸ್ಕ್ರೀನಿಗೆ ಹತ್ತಿರ ಬಗ್ಗಿ, ಬೆರಳಿಟ್ಟು ಕಂಬಿಗಳನ್ನು ಒಂದೊಂದಾಗಿ ಎಣಿಸಿದರು. "ಹದಿಮೂರು. ನಾವೂ ಹದಿಮೂರೇ ಹಾಕ್ತೀವಿ ಸರ" ಅಂದರು.