ಅಪ್ಪ ಕಂಪ್ನೀಲಿ ಏನ್ ಮಾಡ್ತಾರೆ? ನಲಿಕಲಿ ಮಕ್ಕಳ ಜೊತೆ ನನ್ನ ಅನುಭವ

ಮನೆಯವ್ರು ಏನ್ ಕೆಲ್ಸ ಮಾಡ್ತಾರೆ ಅಂತ ಮಕ್ಕಳಿಗೆ ಅರ್ಥ ಮಾಡಿಸಿದ್ದನ್ನ ಬರೀಬೇಕು ಅಂತ ಬಹಳ ದಿನದಿಂದ ಇತ್ತು, ಆದ್ರೆ ಪೂರ್ತಿ ವರ್ಕ್ ಆಗೋಕೆ ಮುಂಚೆ ಬರೆದ್ರೆ ಮೊದ್ಲು ನಗೋರು ನಮ್ಮ ಹೆಚ್‌ಎಂ ಸಾರೇ ಅಂತ ಗೊತ್ತಿದ್ದಕ್ಕೆ ಸುಮ್ನಿದ್ದೆ. ಈಗ ಅವರೇ ಬೇರೆ ಸ್ಕೂಲಿನವ್ರಿಗೆ "ನಮ್ಮ ಮೇಡಂನ ಕೇಳಿ, ಅವ್ರು ಮಾಡಿದಾರೆ" ಅಂತಿದಾರೆ. ಹಂಗಾಗಿ ಧೈರ್ಯವಾಗಿ ಬರೀತಿದೀನಿ. ನಂದು ರಾಮನಗರದ ಪಕ್ಕದ ಸರ್ಕಾರಿ ಶಾಲೆ, ಒಂದರಿಂದ ಮೂರು ನಲಿಕಲಿ, ಅಂದ್ರೆ ಮೂರೂ ಕ್ಲಾಸು ಒಟ್ಟಿಗೆ ಕೂತು ಕಾರ್ಡ್ ಇಟ್ಕೊಂಡು ಕಲಿಯೋ ಪದ್ಧತಿ, ಮೂವತ್ತರ ಆಸುಪಾಸು ಮಕ್ಕಳು. ಅದರ ಏಣಿ, ಮೆಟ್ಟಿಲು, ತಟ್ಟೆ ಅಂತ ವಿವರಿಸ್ತಾ ಕೂರಲ್ಲ, ಓದೋರು ಹೆಚ್ಚು ಕಮ್ಮಿ ನಮ್ಮ ಟೀಚರ್‌ಗಳೇ ತಾನೇ.

ಸಮಸ್ಯೆ ಏನು ಅಂದ್ರೆ, ನಿಮ್ಮಪ್ಪ ಏನ್ ಕೆಲ್ಸ ಮಾಡ್ತಾರೆ ಅಂತ ಕೇಳಿದ್ರೆ ನಮ್ಮ ಮಕ್ಕಳು ಜಾಗದ ಹೆಸ್ರು ಹೇಳ್ತವೆ. ಬಿಡದಿಗೆ ಹೋಗ್ತಾರೆ, ಗಾರ್ಮೆಂಟ್ಸಿಗೆ ಹೋಗ್ತಾರೆ, ರೇಷ್ಮೆ ಗೂಡಿನ ಮಾರ್ಕೆಟ್ಟಿಗೆ ಹೋಗ್ತಾರೆ. ಅವ್ರ ಲೆಕ್ಕದಲ್ಲಿ ಹೋಗೋದೇ ಕೆಲ್ಸ. ಹೋಗಿ ಏನ್ಮಾಡ್ತಾರೆ ಅಂದ್ರೆ "ಕೆಲ್ಸ ಮಾಡ್ತಾರೆ ಮಿಸ್". ಬಿಡದಿ ಕಡೆ ಫ್ಯಾಕ್ಟರೀಲಿ ನೈಟ್ ಶಿಫ್ಟ್ ಮಾಡೋ ಒಬ್ರ ಮಗ ಇದಾನೆ, ಅವನು ಯಾವ ಅನುಮಾನನೂ ಇಲ್ದೆ "ನಮ್ಮಪ್ಪ ಮಲ್ಕೋತಾರೆ" ಅಂದ. ಅವನು ನೋಡಿರೋದೇ ಅದು ಪಾಪ, ಎದ್ದಾಗ ಅಪ್ಪ ಮಲಗಿರ್ತಾರೆ, ಇವನು ಮಲಗೋ ಹೊತ್ತಿಗೆ ಕಂಪ್ನಿ ಬಸ್ ಹತ್ತಿರ್ತಾರೆ. ಇನ್ನೊಬ್ಳ ತಾಯಿ ದಿನಾ ಮನೇಲಿ ಕೂತು ಊದಿನಕಡ್ಡಿ ಹೊಸೀತಾರೆ, ಸಾವಿರ ಕಡ್ಡಿಗೆ ಇಷ್ಟು ಅಂತ ಲೆಕ್ಕ, ಸಂಜೆ ಹೊತ್ತಿಗೆ ಸೊಂಟ ಹಿಡ್ಕೊಂಡು ಏಳ್ತಾರೆ, ಮಗಳು ಮಾತ್ರ "ಅಮ್ಮ ಏನೂ ಮಾಡಲ್ಲ, ಮನೇಲಿರ್ತಾರೆ" ಅಂದ್ಲು.

ಮೊದ್ಲು ಎಲ್ರೂ ಮಾಡೋದನ್ನೇ ನಾನೂ ಮಾಡ್ದೆ. "ನಮ್ಮ ಸಹಾಯಕರು" ಚಾರ್ಟ್ ತಂದು ಗೋಡೆಗೆ ಹಾಕ್ದೆ, ನೂರೈವತ್ತೋ ಇನ್ನೂರೋ ಕೊಟ್ಟ ನೆನಪು. ಅದ್ರಲ್ಲಿ ಡಾಕ್ಟರ್, ಪೊಲೀಸ್, ಪೋಸ್ಟ್‌ಮ್ಯಾನ್, ಸೈನಿಕ, ಕುಂಬಾರ. ನಮ್ಮ ಕ್ಲಾಸಿನ ಒಂದೇ ಒಂದು ಮಗೂನ ಅಪ್ಪ ಅಮ್ಮ ಆ ಚಾರ್ಟಲ್ಲಿ ಇಲ್ಲ. ಮಕ್ಕಳು ಚೆನ್ನಾಗಿ ಬಾಯಿಪಾಠ ಮಾಡಿದ್ವು, ಶಾಲೆಗಳನ್ನ ನೋಡೋಕೆ ಬರೋ ಸಿಆರ್‌ಪಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಬಂದಾಗ ಪಟಪಟ ಹೇಳಿದ್ವು, ಅವ್ರು ಗುಡ್ ಅಂತ ಬರ್ಕೊಂಡು ಹೋದ್ರು.

ಆಮೇಲೆ ಸಂಭ್ರಮ ಶನಿವಾರಕ್ಕೆ, ಅಂದ್ರೆ ಬ್ಯಾಗ್ ಇಲ್ಲದ ಚಟುವಟಿಕೆ ದಿನಕ್ಕೆ, ಪೋಷಕರನ್ನೇ ಕರೆಸೋಣ, ಅವ್ರವ್ರ ಕೆಲ್ಸದ ಬಗ್ಗೆ ಅವ್ರೇ ಹೇಳ್ಲಿ ಅಂತ ಪ್ಲಾನ್ ಮಾಡ್ದೆ. ಬಂದೋರು ನಾಲ್ಕೈದು ಜನ. ಗಾರ್ಮೆಂಟ್ಸಿಂದ ಬಂದಿದ್ದ ತಾಯಿ ಎದ್ ನಿಂತು "ನಾನು ಗಾರ್ಮೆಂಟ್ಸಲ್ಲಿ ಟೈಲರ್ರು, ಎಲ್ರೂ ಚೆನ್ನಾಗ್ ಓದಿ" ಅಂದು ಕೂತ್ಬಿಟ್ರು. ಈ ಒಂದು ವಾಕ್ಯಕ್ಕೆ ಅವ್ರಿಗೆ ಒಂದು ದಿನದ ಸಂಬಳ, ಐನೂರರ ಹತ್ರ, ಹೋಯ್ತು, ಅದರ ಜೊತೆ ಆ ತಿಂಗಳ ಅಟೆಂಡೆನ್ಸ್ ಬೋನಸ್ಸೂ ಕಟ್. ಅವತ್ತಿಂದ ನಾನು ಪೋಷಕರನ್ನ ಕೆಲ್ಸದ ದಿನ ಕರೆಯೋದೇ ಬಿಟ್ಟೆ. ಯಾರಾದ್ರೂ ಮೀಟಿಂಗಲ್ಲಿ "ಪಾಲಕರನ್ನ ಶಾಲೆಗೆ ತನ್ನಿ" ಅಂತ ಭಾಷಣ ಮಾಡಿದ್ರೆ ನಂಗೆ ಇದೇ ನೆನಪಾಗುತ್ತೆ.

ದುಡ್ಡು ಜಾಸ್ತಿ ಹೋಗಿದ್ದು ಗೂಡಿನ ಮಾರ್ಕೆಟ್ ಟ್ರಿಪ್ಪಿಗೆ. ಏಷ್ಯಾದಲ್ಲೇ ದೊಡ್ಡ ಗೂಡಿನ ಮಾರ್ಕೆಟ್ ನಮ್ಮೂರಲ್ಲಿದೆ, ಮಕ್ಕಳು ಅದನ್ನ ನೋಡದಿದ್ರೆ ಹೆಂಗೆ ಅಂತ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಅಧ್ಯಕ್ಷರು ಹುರುಪಿಗೆ ಬಂದ್ರು. ವ್ಯಾನ್ ಬಾಡಿಗೆ ಎರಡೂವರೆ ಮೂರು ಸಾವಿರ, ಅರ್ಧ ಅವ್ರು ಅರ್ಧ ನಾನು. ಅಲ್ಲಿ ಈಗ ಇ-ಹರಾಜು, ಎಲ್ಲಾ ಮೊಬೈಲಲ್ಲೇ, ಗೂಡು ಕೊಂಡು ನೂಲು ತೆಗೆಯೋ ರೀಲರ್‌ಗಳು ಗೂಡನ್ನ ಕೈಲಿ ಅಲ್ಲಾಡ್ಸಿ ಕಿವಿ ಹತ್ರ ಹಿಡಿದು ನೋಡ್ತಾರೆ, ಫೋನ್ ಒತ್ತುತಾರೆ, ಮುಂದಿನ ಲಾಟಿಗೆ ಹೋಗ್ತಾರೆ. ಮಗು ಕಣ್ಣಿಗೆ ಅಲ್ಲಿ ಏನೂ ನಡೀತಾನೇ ಇಲ್ಲ. ಅಲ್ಲಿಂದ ಗೂಡು ಬೇಯ್ಸಿ ನೂಲು ತೆಗೆಯೋ ಒಂದು ಫಿಲೇಚರಿಗೂ ಕರ್ಕೊಂಡ್ ಹೋದ್ವಿ, ಬೇಯೋ ಗೂಡಿನ ವಾಸ್ನೆಗೆ ಇಬ್ರು ವಾಂತಿ ಮಾಡ್ಕೊಂಡ್ರು. ಸೋಮವಾರ ಏನ್ ನೋಡಿದ್ರಿ ಅಂತ ಚಿತ್ರ ಬರೆಸಿದ್ರೆ ಮುಕ್ಕಾಲು ಪಾಲು ವ್ಯಾನ್ ಬರ್ದಿದ್ವು. ಹೆಚ್‌ಎಂ ಸಾರು "ಮೇಡಂ, ಇದೆಲ್ಲ ದೊಡ್ಡೋರಾದ್ಮೇಲೆ ತಾನಾಗೇ ಗೊತ್ತಾಗುತ್ತೆ ಬಿಡಿ" ಅಂದಿದ್ದು ಆವಾಗ್ಲೇ.

ದಾರಿ ಸಿಕ್ಕಿದ್ದು ಬಿಸಿಯೂಟದ ಹೊತ್ತಲ್ಲಿ. ಎರಡನೇ ಕ್ಲಾಸಿನ ಒಬ್ಳು ತಟ್ಟೆಲಿರೋ ಸಾರಲ್ಲಿ ಎರಡು ಬೆರಳು ಅದ್ದಿ ಮೇಲಕ್ಕೆತ್ತಿ, ಏನೋ ಎಳೆ ಹಿಡಿದವಳ ತರ ಪಕ್ಕಕ್ಕೆ ಎಸೀತಿದ್ಲು, ಮತ್ತೆ ಅದ್ದೋದು ಮತ್ತೆ ಎಸೆಯೋದು. ಏನೇ ಇದು ಅಂದೆ. "ಅಜ್ಜಿ ಹಿಂಗೇ ಮಾಡೋದು" ಅಂದ್ಲು. ಅವಳಜ್ಜಿ ಕಾಟೇಜ್ ಬೇಸಿನ್ (ಗೂಡು ಹಾಕೋ ಬಿಸಿನೀರಿನ ತೊಟ್ಟಿ) ಮುಂದೆ ಕೂತು ನೂಲು ಬಿಚ್ಚೋರು. ಹಿಂದಿನ ವಾರ ಇದೇ ಹುಡುಗಿ "ಅಜ್ಜಿ ಫಿಲೇಚರಿಗೆ ಹೋಗುತ್ತೆ" ಅಂತಷ್ಟೇ ಹೇಳಿದ್ದು.

ಅವತ್ತೇ ಕಾರ್ಡ್ ಮಾಡೋಕೆ ಕೂತೆ. ಕೆಲ್ಸದ ಹೆಸ್ರು ಬೇಡ, ಜಾಗ ಬೇಡ, ಸಂಬಳ ಅಂತೂ ಬೇಡ್ವೇ ಬೇಡ. ಮಗು ಮನೇಲಿ ಮೂರೇ ಪ್ರಶ್ನೆ ಕೇಳ್ಕೊಂಡು ಬರ್ಬೇಕು: ಕೆಲ್ಸಕ್ಕೆ ಕೂತ ತಕ್ಷಣ ಕೈಗೆ ಏನ್ ತಗೋತೀಯ? ಅದನ್ನ ನಿಂಗೆ ಯಾರ್ ಕೊಡ್ತಾರೆ? ನಿಂದಾದ್ಮೇಲೆ ಅದು ಯಾರ ಕೈಗೆ ಹೋಗುತ್ತೆ? ಅಷ್ಟೇ. ಮಾರನೇ ದಿನ ಕ್ಲಾಸಲ್ಲಿ ಆ ಕೈ ಕೆಲ್ಸ ಮಾಡಿ ತೋರಿಸ್ಬೇಕು. ನಾಲ್ಕನೇ ಪ್ರಶ್ನೆ ಒಂದಿದೆ, ಅದನ್ನ ನಾನು ಪೋಷಕರಿಗೇ ಕೇಳ್ತೀನಿ, ಅದು ಸದ್ಯಕ್ಕೆ ನನ್ ಹತ್ರನೇ ಇರ್ಲಿ.

ನಲಿಕಲಿ ಕಾರ್ಡಿನ ಜೊತೆ ನಿಮ್ಮ ಸ್ವಂತ ಕಾರ್ಡ್ ಸೇರಿಸ್ಬೇಡಿ ಅಂತ ಒಬ್ರು ಅಧಿಕಾರಿ ಅಂದ್ರು. 1995ರಲ್ಲಿ ಎಚ್.ಡಿ. ಕೋಟೇಲಿ ಇದು ಶುರುವಾದಾಗ ಕಾರ್ಡ್ ಮಾಡಿದ್ದು ನಮ್ಮಂಥ ಟೀಚರ್‌ಗಳೇ ಅಲ್ವಾ ಸಾರ್ ಅಂದೆ. ಮಾತು ಅಲ್ಲಿಗೇ ನಿಂತ್ತು.

ರೇಷ್ಮೆದು ಹೇಳ್ತೀನಿ, ಅದೇ ಚೆನ್ನಾಗಿ ಬಂದಿದ್ದು. ಒಂದು ಕಾಲು ಕೇಜಿ ಗೂಡು ತರಿಸ್ದೆ, ಆವಾಗ ಕೇಜಿ ಐನೂರು ಚಿಲ್ರೆ ನಡೀತಿತ್ತು, ಕಾಲು ಕೇಜಿಗೆ ನೂರೈವತ್ತು ಗೂಡು ಹತ್ರ ಹತ್ರ ಬರುತ್ತೆ, ಅಷ್ಟೂ ಬೇಡ, ಇಪ್ಪತ್ತು ಸಾಕು. ಅಡುಗೆಯವ್ರು ಕುದಿಯೋ ನೀರು ಕೊಟ್ರು, ಸ್ಟೀಲ್ ಡಬರಿಗೆ ಹಾಕಿ ನಾನೇ ಹಿಡ್ಕೊಂಡೆ, ಮಕ್ಕಳಿಗೆ ಒಂದು ಮಾರು ದೂರ. ನೀರಿಗೆ ಒಂದು ಚಿಟಿಕೆ ಏನೋ ಹಾಕ್ತೀನಿ, ಫಿಲೇಚರಿನವ್ರು ಹೇಳಿಕೊಟ್ಟಿದ್ದು, ಅವ್ರನ್ನೇ ಕೇಳ್ಕೊಳಿ. ಗೂಡು ಮೆತ್ತಗಾದ್ಮೇಲೆ ಹಳೇ ಟೂತ್‌ಬ್ರಷ್ಷಲ್ಲಿ ಮೇಲ್ಮೇಲೆ ಸವರ್ತಾ ಇದ್ರೆ ಮೇಲಿನ ಸಿಕ್ಕು ಎಳೆ ಎಲ್ಲ ಬ್ರಷ್ಷಿಗೆ ಸುತ್ಕೊಂಡು ಬಂದು ಕೊನೆಗೆ ಒಂದೇ ಒಂದು ಎಳೆ ಉಳಿಯುತ್ತೆ. ಆ ಒಂಟಿ ಎಳೆ ಮಕ್ಕಳ ಕಣ್ಣಿಗೆ ಕಾಣ್ಲೇ ಇಲ್ಲ, ನನ್ನ ಕಪ್ಪು ಸೆರಗಿನ ಮೇಲೆ ಹಿಡಿದಾಗ ಕಂಡಿದ್ದು. ಎಂಟು ಗೂಡಿನ ಎಳೆ ಸೇರಿಸಿ ರಟ್ಟಿಗೆ ಸುತ್ತೋಕೆ ಕೊಟ್ಟೆ. ಒಂದು ಒಳ್ಳೇ ಗೂಡಲ್ಲಿ ಮುಕ್ಕಾಲು ಕಿಲೋಮೀಟರಿಂದ ಒಂದು ಕಿಲೋಮೀಟರ್ ತನಕ ಎಳೆ ಇರುತ್ತೆ, ಮಕ್ಕಳು ಸರದಿ ಮೇಲೆ ಸುತ್ತಿದ್ರು, ಸುತ್ತಿ ಸುತ್ತಿ ಕೈ ನೋವು ಅಂತ ಕೂತ್ರು, ಗೂಡು ಇನ್ನೂ ದಪ್ಪಗೇ ಇತ್ತು. ಎಳೆ ಮಧ್ಯ ಮಧ್ಯ ಕಡಿಯುತ್ತೆ ಬೇರೆ, ಕಡಿದಾಗ ಬೆರಳು ಬಿಸಿನೀರಿಗೆ ಇಳಿಸಿ ತುದಿ ಹುಡುಕ್ಬೇಕು. ಆವಾಗ ಆ ಹುಡುಗಿ ನನ್ನ ಬೆರಳು ನೋಡಿ "ಮಿಸ್ ನಿಮ್ ಬೆರಳೂ ಅಜ್ಜಿ ಬೆರಳ ತರ ಆಯ್ತು" ಅಂದ್ಲು. ಬೆಳ್ಳಗೆ ನೆರಿಗೆ ಬಿದ್ದಿತ್ತು.

ಕೊನೇಲಿ ಒಳಗಿಂದ ಕಂದು ಬಣ್ಣದ ಪ್ಯೂಪ ಕಾಣ್ತಲ್ಲ, ಹುಳ ಸತ್ತೋಯ್ತಾ ಮಿಸ್ ಅಂತ ಒಬ್ಬ ಕೇಳ್ದ. ನಾನು ಏನ್ ಹೇಳೋದು ಅಂತ ಯೋಚಿಸೋ ಅಷ್ಟರಲ್ಲಿ ರೀಲರ್ ಮಗ ಇನ್ನೊಬ್ಬ "ಬೇಯ್ಸಿದ್ರೆ ಸಾಯಲ್ವಾ, ಬಿಟ್ರೆ ಚಿಟ್ಟೆಯಾಗಿ ತೂತು ಮಾಡ್ಕೊಂಡು ಬರುತ್ತೆ, ನೂಲೆಲ್ಲ ತುಂಡು ತುಂಡು" ಅಂದ. ಇದನ್ನ ಮುಚ್ಚಿಡೋಕೆ ಹೋಗ್ಬೇಡಿ ಅಂತ ನನ್ನ ಅಭಿಪ್ರಾಯ. ಹಳ್ಳಿ ಮಕ್ಕಳಿಗೆ ಗೊತ್ತಿರೋದೇ, ನಾವೇ ಹಿಂಜರಿಯೋದು. ಹುಳ ಸಾಕೋ ಮನೆ ಮಕ್ಕಳಂತೂ ಯಾವ ಜ್ವರಕ್ಕೆ (ಹುಳ ಪೊರೆ ಬಿಡೋ ಹಂತ) ಎಷ್ಟು ಸೊಪ್ಪು, ಹಣ್ಣಾದ ಹುಳನ ಗೂಡು ಕಟ್ಟೋ ಚಂದ್ರಿಕೆ ತಟ್ಟೆಗೆ ಯಾವಾಗ ಬಿಡ್ಬೇಕು ಅಂತ ನಂಗೇ ಪಾಠ ಮಾಡಿದ್ವು. ಅವ್ರ ಮನೆ ಗೂಡು ಈ ರೀಲರ್ ಮಗನ ಮನೆಗೆ ಬಂದು ನೂಲಾಗುತ್ತೆ ಅನ್ನೋದು ಎರಡೂ ಕಡೆಯವ್ರಿಗೆ ಅವತ್ತೇ ಗೊತ್ತಾಗಿದ್ದು.

ಗಾರ್ಮೆಂಟ್ಸು ಕಷ್ಟ, ಯಾಕಂದ್ರೆ ಅಲ್ಲಿ ಯಾರೂ ಶರ್ಟ್ ಹೊಲಿಯಲ್ಲ. ಅಮ್ಮ ಬಟ್ಟೆ ಹೊಲಿತಾರೆ ಅಂದ್ರೆ ಮಗು "ಹಂಗಾದ್ರೆ ನಂಗ್ಯಾಕೆ ಹೊಲ್ದು ಕೊಡಲ್ಲ" ಅನ್ನುತ್ತೆ, ನ್ಯಾಯನೇ. ಮನೇಲಿದ್ದ ಹಳೇ ಶರ್ಟ್ ಒಂದನ್ನ ಹೊಲಿಗೆ ಬಿಚ್ಚಿ ತುಂಡು ತುಂಡು ಮಾಡ್ದೆ, ಕಾಲರ್, ಕಫ್, ಪಾಕೆಟ್, ತೋಳು ಎಲ್ಲ ಸೇರಿ ಇಪ್ಪತ್ತರ ಹತ್ರ ಆಯ್ತು. ಅದನ್ನಿಟ್ಟು ಪೇಪರಲ್ಲಿ ಅಚ್ಚು ತೆಗೆದು ಮಕ್ಕಳನ್ನ ಸಾಲಾಗಿ ಕೂರಿಸಿ ಲೈನ್ ಮಾಡಿದ್ವಿ. ಒಬ್ಬ ಬರೀ ಕಾಲರ್ ಅಂಟಿಸ್ಬೇಕು, ಪಕ್ಕದವಳು ಪಾಕೆಟ್ಟು, ಕೊನೇಲಿ ಒಬ್ಬ ಚೆಕ್ಕಿಂಗ್. ಮೊದಲ ಸಲ ಪೂರ್ತಿ ಕೆಟ್ಟೋಯ್ತು, ಎಲ್ರಿಗೂ ಪೂರ್ತಿ ಶರ್ಟ್ ತಾನೇ ಮಾಡ್ಬೇಕು ಅಂತ ಹಠ, ಗೋಂದು ಕೂದಲಿಗೆಲ್ಲ. ಎರಡನೇ ಸಲ ಗಡಿಯಾರ ಇಟ್ಟೆ. ಕಾಲರ್ ಹುಡುಗ ನಿಧಾನ ಮಾಡಿದ್ದಕ್ಕೆ ಹಿಂದೆ ಗುಡ್ಡೆ ಬಿತ್ತು, ಮುಂದಿನವ್ರು ಖಾಲಿ ಕೂತು ಇವನಿಗೆ ಬೈಯೋಕೆ ಶುರು ಮಾಡಿದ್ವು. ಅವನು ಅಳೋ ಮುಖ ಮಾಡ್ಕೊಂಡು "ನಮ್ಮಮ್ಮಂಗೂ ಹಿಂಗೇ ಬೈತಾರಾ?" ಅಂದ. ಅವ್ರಮ್ಮ ಕಾಲರ್ ಆಪರೇಟರೇ, ಗಂಟೆಗೆ ನೂರರ ಹತ್ರ ಪೀಸ್ ಟಾರ್ಗೆಟ್ ಅಂತ ಆಮೇಲೆ ನಂಗೆ ಫೋನಲ್ಲಿ ಹೇಳಿದ್ರು. ಆ ವಾರ ಅವನು ಮನೇಲಿ ಅಮ್ಮನ ಟಿಫನ್ ಬಾಕ್ಸ್ ತೊಳ್ದಿಟ್ಟ ಅಂತಾನೂ ಅದೇ ಫೋನಲ್ಲಿ ಹೇಳಿದ್ರು. ಇದನ್ನ ನಮ್ಮ ಹೆಚ್‌ಎಂಗೆ ಹೇಳಿದ್ಮೇಲೇ ಅವ್ರ ವರಸೆ ಬದಲಾಗಿದ್ದು, ಅಲ್ಲೀವರೆಗೂ ಪೇಪರ್ ವೇಸ್ಟ್ ಅಂತಿದ್ರು.

ನೈಟ್ ಶಿಫ್ಟ್ ಹುಡುಗನಿಗೆ ಸಿಂಪಲ್ಲಾಗಿ ಮಾಡ್ದೆ. ಉದ್ದ ಪೇಪರ್ ಪಟ್ಟಿ, ಗಂಟೆಗೊಂದರಂತೆ 24 ಮನೆ, ಇವನು ಮಲಗೋ ಹೊತ್ತು ನೀಲಿ, ಅಪ್ಪ ಮಲಗೋ ಹೊತ್ತು ಕೆಂಪು. ಎರಡೂ ಒಂದ್ರ ಮೇಲೊಂದು ಇಟ್ಟು ನೋಡಿದಾಗ ಇಬ್ರೂ ಎಚ್ಚರ ಇರೋ ಮನೆ ಸಂಜೆ ಹೊತ್ತು ಮೂರೋ ನಾಲ್ಕೋ ಸಿಕ್ತು. ಅದನ್ನ ಅವನೇ ಹಳದಿ ಮಾಡ್ಕೊಂಡು ಮನೆಗೆ ತಗೊಂಡ್ ಹೋದ. ವಾರಕ್ಕೊಮ್ಮೆ ಶಿಫ್ಟ್ ಬದಲಾದ್ರೆ ಹೊಸ ಪಟ್ಟಿ ಬೇಕಾಗುತ್ತೆ, ಮೂರು ಮಾಡಿಟ್ಕೊಳಿ.

ಮಧ್ಯದಲ್ಲಿ ಇನ್ನೊಂದು ತಲೆಹರಟೆ ಮಾಡ್ದೆ, ಮಿಸ್ ಏನ್ ಕೆಲ್ಸ ಮಾಡ್ತಾರೆ ಅಂತ ಮಕ್ಕಳನ್ನೇ ಮಾಡಿ ತೋರಿಸಿ ಅಂದೆ. ಒಬ್ಳು ಹಾಜರಿ ಕೂಗಿದ್ಲು, ಇನ್ನುಳಿದ ಎಲ್ರೂ ಅಂಗೈ ಮೊಬೈಲ್ ಮಾಡ್ಕೊಂಡು ಬೆರಳಲ್ಲಿ ಒತ್ತಿದ್ರು. ಹಾಲು ಎಷ್ಟು, ಊಟ ಎಷ್ಟು ಅಂತ ನಾವು ದಿನಾ ಆನ್‌ಲೈನ್ ತುಂಬ್ತೀವಲ್ಲ, ಅದನ್ನೇ. ಇಲಾಖೆಯವ್ರು ನೋಡ್ಬೇಕಿತ್ತು.

ಎಲ್ಲಾ ಮನೆಗೂ ಇದು ನಡೆಯಲ್ಲ, ಅದನ್ನೂ ಹೇಳ್ಬೇಕು. ಒಬ್ಬ ತಾಯಿ ಪೌರಕಾರ್ಮಿಕರು, ಬೆಳಗಿನ ಜಾವವೇ ಪೊರಕೆ ಹಿಡಿದು ಬೀದೀಲಿರ್ತಾರೆ, ಮಗಳಿಗೆ ಆಫೀಸು ಅಂತ ಹೇಳಿದಾರೆ. ಕಾರ್ಡ್ ಕಳ್ಸೋಕೆ ಮುಂಚೆ ನಾನು ಎಲ್ಲಾ ಮನೆಗೂ ಆ ನಾಲ್ಕನೇ ಪ್ರಶ್ನೆ, ಕಳಿಸ್ಲಾ ಬೇಡ್ವಾ ಅಂತ, ಕೇಳೋದು ಇದಕ್ಕೇ. ಅವ್ರು ಬೇಡ ಮಿಸ್ ಅಂದ್ರು, ಬೇಡ ಅಂದ್ರೆ ಬೇಡ. ಯಾವ ಕೆಲ್ಸನೂ ಕೀಳಲ್ಲ ಅಂತ ಅವ್ರಿಗೆ ಭಾಷಣ ಮಾಡೋಕೆ ನಾನ್ಯಾರು, ಬೀದೀಲಿ ಜನ ಹೆಂಗೆ ಮಾತಾಡ್ಸ್ತಾರೆ ಅಂತ ಅವ್ರಿಗೇ ಗೊತ್ತು. ಆ ಮಗುಗೆ ಅಜ್ಜನ ಕೆಲ್ಸದ ಕಾರ್ಡ್ ಕೊಟ್ಟೆ, ಕುರಿ ಮೇಯಿಸ್ತಾರೆ, ಖುಷಿಯಾಗಿ ಮಾಡಿ ತೋರಿಸಿದ್ಲು. ಕೆಲ್ಸ ಬಿಟ್ಟು ಕೂತಿರೋ ಅಪ್ಪಂದಿರು, ಅಪ್ಪ ಇಲ್ದೇ ಇರೋ ಮನೆ, ಅಲ್ಲೂ ಹಿಂಗೇ ಇನ್ಯಾರನ್ನಾದ್ರೂ ಹುಡುಕ್ತೀನಿ.

ಊದಿನಕಡ್ಡಿ ಮಗುಗೆ ಬರೀ ಐವತ್ತು ಕಡ್ಡಿ ಹೊಸೆಯೋ ಕೆಲ್ಸ ಕೊಟ್ಟೆ, ಮಸಿ ಹಿಟ್ಟಿನ ಬದಲು ಜೇಡಿಮಣ್ಣು. ಹತ್ತಿಪ್ಪತ್ತು ಕಡ್ಡಿಗೇ ಸಾಕಾಯ್ತು ಅವಳಿಗೆ. ಈಗ ಕೇಳಿ ನೋಡಿ, ಅಮ್ಮ ದಿನಕ್ಕೆ ಎಷ್ಟು ಸಾವಿರ ಮಾಡ್ತಾರೆ ಅಂತ ಬಾಯ್ತುದೀಲೇ ಹೇಳ್ತಾಳೆ, ಸಂಕಲನನೂ ಅದ್ರಲ್ಲೇ ಕಲ್ತಿದ್ದು ಅಂತ ನಾನು ಜಂಬ ಕೊಚ್ಕೊಬಹುದು.

ಖರ್ಚು ಅಂತ ನೋಡಿದ್ರೆ ವ್ಯಾನ್ ಟ್ರಿಪ್ ಬಿಟ್ಟು ಇಡೀ ವರ್ಷಕ್ಕೆ ಎಂಟ್ನೂರು ಒಂಬೈನೂರು ಆಗಿರ್ಬಹುದು, ರಟ್ಟು, ಗೋಂದು, ಗೂಡು, ಲ್ಯಾಮಿನೇಷನ್. ಶಾಲಾ ಅನುದಾನದಲ್ಲಿ ಬಿಲ್ ಹಾಕಿ ಅಂದ್ರು, ಗೂಡಿಗೆ ಬಿಲ್ ಎಲ್ಲಿಂದ ತರೋದು, ಕೈಯಿಂದಾನೇ ಹೋಯ್ತು.

ಇನ್ನೂ ಸರಿ ಹೋಗದೇ ಇರೋದು ಸೆಕ್ಯೂರಿಟಿ ಗಾರ್ಡ್ ಕೆಲ್ಸ. ಕೈಗೆ ಏನ್ ತಗೋತೀಯ ಅಂದ್ರೆ ಅವ್ರಿಗೆ ಹೇಳೋಕೆ ಏನೂ ಇಲ್ಲ, ಒಂದು ಪೆನ್ನು ಒಂದು ರಿಜಿಸ್ಟರು. ಮಗನ್ನ ಕ್ಲಾಸ್ ಬಾಗಿಲಲ್ಲಿ ಕೂರಿಸಿ ಒಳಗೆ ಹೋಗೋರು ಹೊರಗೆ ಬರೋರು ಎಲ್ಲ ಬರೀಬೇಕು ಅಂದೆ, ಆಟಕ್ಕೂ ಹೋಗೋ ಹಾಗಿಲ್ಲ, ಗೋಡೆಗೆ ಒರಗೋ ಹಾಗೂ ಇಲ್ಲ. ಊಟದ ಬೆಲ್ ಆಗೋ ಹೊತ್ತಿಗೆ ಪೆನ್ನು ಹಿಡ್ಕೊಂಡೇ ತೂಕಡಿಸ್ತಿದ್ದ. ಅಪ್ಪಂಗೆ ಈ ವಿಷ್ಯ ಹೇಳಿದ್ರೆ ನಕ್ಕು "ನಂಗೆ 12 ಗಂಟೆ ಮಿಸ್" ಅಂದ್ರು. ಇದಕ್ಕಿಂತ ಒಳ್ಳೇ ಐಡಿಯಾ ಯಾರ ಹತ್ರನಾದ್ರೂ ಇದ್ರೆ ಹೇಳಿ, ಗಾರ್ಡ್ ಮಕ್ಕಳು ಈ ವರ್ಷ ಇನ್ನಿಬ್ರು ಸೇರಿದಾರೆ.